ಸಂಚಿ – ೪

ಹೆಬ್ಬಾಳದ ವೆಟರ್ನರಿ ಕಾಲೇಜಿನ ಹಿಂಬದಿ
ಅಂಗಾಂಶದ ಲ್ಯಾಬಿನಲ್ಲಿ ಫ್ಯಾನು ಹಾಕುವಂತಿಲ್ಲ.
ಮೇಣದ ರಿಬ್ಬನ್ನು ಐದೇ ಮೈಕ್ರಾನು ದಪ್ಪ;
ಫ್ಯಾನಿರಲಿ, ಉಸಿರು ತಾಗಿದರೂ ಮುದುಡುತ್ತದೆ.
"ಉಸ್ರು ಹಿಡ್ಕೊಳಮ್ಮ," ಅನ್ನುತ್ತಾರೆ ಪಿಳ್ಳಪ್ಪ.
ತಾವು ಮಾತ್ರ ಮಾತಾಡುತ್ತಲೇ
ಮೈಕ್ರೋಟೋಮಿನ ಚಕ್ರ ತಿರುಗಿಸುತ್ತಾರೆ
ಹೊಲಿಗೆ ಮಿಷನ್ನಿನವರ ಹಾಗೆ, ಕೈಯೊಂದೇ ಎಚ್ಚರ.

ಕಿಟಕಿಯಾಚೆ ಫ್ಲೈಓವರು.
ಹೆಸರಲ್ಲಷ್ಟೇ ಹಾರಾಟ; ಬೆಳಗಿನಿಂದ ಒಂದು ಕಾಂಕ್ರೀಟು ಲಾರಿ
ಅಲ್ಲೇ ನಿಂತು ಹೊಟ್ಟೆ ತಿರುಗಿಸುತ್ತಿದೆ.
ಮೇಣದೊಳಗಿರುವುದೂ ಹಾರದ ಹಕ್ಕಿಯೇ:
ಉಷ್ಟ್ರಪಕ್ಷಿಯ ಮರಿ, ಹನ್ನೊಂದು ವಾರ,
ದೇವನಹಳ್ಳಿಯಾಚೆಯ ಯಾವುದೋ ರೆಸಾರ್ಟಿನದು,
ಸೆಲ್ಫಿಗೆಂದು ಸಾಕಿದ್ದು.
ಗೋಣಿಚೀಲದಲ್ಲಿ ಬಂತು,
ಕಾಲು ಹೊರಗೆ.

ಥೀಸಿಸ್ಸಿನಲ್ಲಿ ನಾನು 'ಬರ್ಸಾ' ಎಂದು ಬರೆಯಬೇಕು.
ಅಚ್ಚಿಗೆ ಅಂಟಿಸಿದ ಚೀಟಿಯಲ್ಲಿ ಪಿಳ್ಳಪ್ಪ
ಪೆನ್ಸಿಲಿನಲ್ಲಿ ಬರೆದದ್ದು 'ಸಂಚಿ – ೪'.
"ನಮ್ಮವ್ವಂದೂ ಹಿಂಗೇ ಇತ್ತು. ಎಲೆಗೊಂದು ಅರೆ, ಅಡಿಕೆಗೊಂದು,
ನಮ್ಗೆ ಕಾಣ್ದಂಗೆ ಚಿಲ್ಲರೆಗೊಂದು."

ಗಾಜಿಗೆ ಮೊಟ್ಟೆಯ ಬಿಳಿ ಸವರಬೇಕು, ತೆಳ್ಳಗೆ, ಕಿರುಬೆರಳಲ್ಲಿ.
ಹಕ್ಕಿಯನ್ನು ಹಿಡಿದಿಡುವ ಅಂಟು
ಇನ್ನೊಂದು ಹಕ್ಕಿಯ ಮೊಟ್ಟೆ,
ಗಂಗಾನಗರದ ಅಂಗಡಿಯದು.
ಹಳದಿಯನ್ನು ಯಾರು ತಿಂದರೆಂದು ಕೇಳಬಾರದು.

ಆಮೇಲೆ ಬಣ್ಣ. ನೀಲಿ ಮೊದಲು, ಗುಲಾಬಿ ನಂತರ.
ನಲ್ಲಿಯ ಕೆಳಗೆ ಹಿಡಿದರೆ ನೇರಳೆಗೆಂಪು ನೀಲಿಗೆ ಹೊರಳುತ್ತದೆ.
ಬೋರಿನ ನೀರೇ ಆಗಬೇಕು, ಕಾವೇರಿಯಲ್ಲಿ ನೀಲಿ ತಡ
ಎಂಬುದು ಪಿಳ್ಳಪ್ಪನವರ ಶಾಸ್ತ್ರ.

ಕಣ್ಣಿಟ್ಟೆ.
ಮೊದಲು ಏನೂ ಇಲ್ಲ, ನನ್ನದೇ ರೆಪ್ಪೆ.
ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದೆ:
ನೆರಿಗೆ. ನೆರಿಗೆಯೊಳಗೆ ನೆರಿಗೆ.
ಪ್ರತಿಯೊಂದರಲ್ಲೂ ಒತ್ತೊತ್ತಾಗಿ ಕಿರುಚೀಲಗಳು,
ಒಂದು ಪಾಲು ದಟ್ಟ, ಕಡುನೀಲಿ,
ಒಂದು ಪಾಲು ತಿಳಿ,
ನಡುವೆ ಯಾರೋ ಎಳೆದಿಟ್ಟ ಒಂಟಿ ಸಾಲಿನ ಗೆರೆ.

ಶಾಲೆ, ಅನ್ನುತ್ತದೆ ಪುಸ್ತಕ. ಇಲ್ಲಿ ಕಣಗಳು ಕಲಿಯುವುದು ಒಂದೇ ಪಾಠ:
ಇದು ನಾನು, ಇದು ನಾನಲ್ಲ.
ಶಾಲೆ ಇರುವುದಾದರೂ ಎಲ್ಲಿ? ಮಲದ ಕೋಣೆಯ ಮೇಲ್ಗೋಡೆಯಲ್ಲಿ.
ಕೋಳಿಯ ಸಂಚಿಗೆ ಸಣ್ಣ ಕತ್ತಾದರೂ ಉಂಟು, ಬಾಗಿಲಿನಂಥದ್ದು;
ಇದಕ್ಕೆ ಅದೂ ಇಲ್ಲ, ಕದ ಕಿತ್ತ ಛತ್ರದ ಹಾಗೆ ಬಟಾಬಯಲು.
ಹೊರಗಿನ ಕೊಳೆ ನೇರ ಒಳಬಂದು
ಬೋರ್ಡಿನ ಮುಂದೆ ನಿಲ್ಲುತ್ತದೆ.
ಮಡಿಯುಟ್ಟು ಕಲಿಯುವ ವಿದ್ಯೆಯಲ್ಲ ಇದು.

ಅಷ್ಟು ಕಲಿತ ಮರಿ ಸತ್ತದ್ದು ರೋಗದಿಂದಲ್ಲ.
ಜಠರ ಕೊಯ್ದಾಗ ಸಿಕ್ಕಿದವು
ನೀಲಿ ಮುಚ್ಚಳ ಒಂಬತ್ತು, ಓಲೆಯ ತಿರುಪು,
ಯಾರದೋ ಸ್ಕೂಟರಿನ ಬೀಗದಕೈ,
ಅದಕ್ಕೆ ನೇತುಬಿದ್ದ ಅಂಗುಲದ ಕ್ರಿಕೆಟ್ ಬ್ಯಾಟು.
ಕಣಕಣಕ್ಕೂ ಗೊತ್ತಿತ್ತು ಯಾವುದು ತನ್ನದಲ್ಲವೆಂದು.
ಕೊಕ್ಕಿಗೆ ಯಾರೂ ಹೇಳಿರಲಿಲ್ಲ.

ಅದಕ್ಕೂ ಮೊದಲು ಇನ್ನೊಂದು ಬಂದಿತ್ತು, ನಾಲ್ಕು ವರ್ಷದ ಹೆಣ್ಣು.
ಅದರಲ್ಲಿ ಸಂಚಿಯನ್ನು ಎರಡು ದಿನ ಹುಡುಕಿದೆ.
ನಾರು, ಕೊಬ್ಬು, ಗೋಡೆಯಲ್ಲೊಂದು ಸುಕ್ಕು.
"ಸಿಗಲ್ಲ ಬಿಡಮ್ಮ. ವಯಸ್ಸಿಗೆ ಬಂದ್ಮೇಲೆ ಕರಗೋಗುತ್ತೆ."
ಶಾಲೆ ಮುಚ್ಚಿದರೇನು, ಕಲಿತವರು ರಕ್ತದಲ್ಲಿ
ಊರೂರು ಅಲೆಯುತ್ತಿರುತ್ತಾರಲ್ಲ, ಎಂದೇನೋ ಶುರುಮಾಡಿದೆ.
ಮುಂದಿನ ತಿಂಗಳು ಪಿಳ್ಳಪ್ಪನವರ ರಿಟೈರ್‌ಮೆಂಟು.
ಅವರು ಬಟ್ಟೆ ಚಾಚಿದರು:
"ಮೊದ್ಲು ಬ್ಲೇಡ್ ಒರ್ಸು. ತುಕ್ಕು ಹಿಡಿಯುತ್ತೆ."

ಒರೆಸಿದೆ.

ಬೀಗದಕೈ ಕಿಟಕಿಯ ಬಳಿ ತಟ್ಟೆಯಲ್ಲಿದೆ,
ಸೋಪು ಹಾಕಿ ತೊಳೆದದ್ದು.
ಯಾರಾದರೂ ಕೇಳಿಕೊಂಡು ಬಂದಾರೆಂದು
ಅದಕ್ಕೂ ದಾರದಲ್ಲಿ ಚೀಟಿ ಕಟ್ಟಿದ್ದಾರೆ, ಅದೇ ಪೆನ್ಸಿಲು:
'ಮರಿಯದಲ್ಲ.'